ಬಕೆಟ್ಟಿನೊಳಗಿನ ಗಿಡ

ಹೆಸರು ಗೊತ್ತಿಲ್ಲದ ಗಿಡವನ್ನು ಕೀಳಬಾರದು ಎಂಬುದು ನನ್ನ ಸೋಮಾರಿತನ ಬಹಳ ಯೋಚಿಸಿ ಕಂಡುಕೊಂಡ ಸಿದ್ಧಾಂತ. ಅದರ ಬಲದಿಂದ, ಮಳೆ ಹಿಡಿದ ಮೇಲೆ ಮೈಸೂರಿನ ನಮ್ಮ ಮನೆಯ ಪಾತಿಯಲ್ಲಿ ಕಳೆ ಎಂಬುದೇ ಇರುವುದಿಲ್ಲ, ಇರುವವರೆಲ್ಲ ಅಪರಿಚಿತರು. ಈ ಸಲ ಕೊತ್ತಂಬರಿ ಚೆಲ್ಲಿದ್ದೆ. ಕೊತ್ತಂಬರಿ ಬರಲಿಲ್ಲ. ಪಾತಿಯ ನಟ್ಟನಡುವೆ ದುಂಡನೆ ಎಲೆಯ ಗಿಡವೊಂದು ಎದ್ದು ನೋಡನೋಡುತ್ತ ಮೊಣಕಾಲೆತ್ತರ ಆಯಿತು. ಎಲೆ ಹೊಸಕಿದರೆ ಕೆಟ್ಟ ನಾತ. ನೀರು ಮಾತ್ರ ನಾನು ತಪ್ಪದೆ ಹಾಕುತ್ತಿದ್ದೆ.

ಬೆಳಗಿನ ವಾಕಿಂಗಿಗೆ ಬರುವ ನಿವೃತ್ತರೊಬ್ಬರು ಗೇಟಿನಾಚೆಯಿಂದಲೇ "ಕಡಲೇಕಾಯಿ ಗಿಡ ಸ್ವಾಮಿ" ಎಂದು ತೀರ್ಪು ಕೊಟ್ಟು ಹೋದರು. ಇವರಲ್ಲಿ ಪ್ರಶ್ನೆಗಿಂತ ಮೊದಲೇ ಉತ್ತರ ಮೊಳೆತಿರುತ್ತದೆ. ಮಗಳ ಮೊಬೈಲಿನ ಆ್ಯಪು ಬೆಳಿಗ್ಗೆ ಒಂದು ಹೆಸರು ಹೇಳಿತು, ಮಧ್ಯಾಹ್ನ ಇನ್ನೊಂದು. ನನ್ನ ಕಾಲೂ ಸೇರಿಕೊಂಡ ಫೋಟೋಗೆ ಪಾಪಸುಕಳ್ಳಿ ಎಂದಿತು. ಮೂಲೆಮನೆಯ ಬಂಟ್ವಾಳದ ಅಮ್ಮ ಮಾತ್ರ ನಿಂತು ನೋಡಿದರು. "ಇದು ತಜಂಕ್ ಅಲ್ವಾ ಮಾರಾಯ್ರೆ! ಆಟಿ ತಿಂಗಳಲ್ಲಿ ನಮ್ಮಲ್ಲಿ ಇದನ್ನು ಬಿಡ್ತಾರಾ? ಹಲಸಿನ ಬೀಜ ಹಾಕಿ ಪಲ್ಯ ಮಾಡ್ಬೇಕು. ಸಂಶಯ ಇದ್ರೆ ರಾತ್ರಿ ನೋಡಿ, ಎಲೆ ಮುಚ್ಚಿ ಮಲಗ್ತದೆ."

ಮರುದಿನ ನಿವೃತ್ತರಿಗೆ ಇದನ್ನು ಹೇಳಿದೆ. "ಕಡಲೇಕಾಯಿ ಗಿಡವೂ ರಾತ್ರಿ ಎಲೆ ಮುಚ್ಚುತ್ತೆ" ಎಂದರು. ದುರದೃಷ್ಟವಶಾತ್ ಅದು ನಿಜ. ಅಂದರೆ ರಾತ್ರಿ ಕಾವಲು ಕೂತು ಬಗೆಹರಿಯುವಂಥದ್ದು ಏನೂ ಇರಲಿಲ್ಲ. ಆದರೆ ಅಷ್ಟರಲ್ಲಿ ನಾನು ಸ್ಟೂಲು, ಟಾರ್ಚು, ಸೊಳ್ಳೆಬತ್ತಿ ಎಲ್ಲವನ್ನೂ ಅಂಗಳಕ್ಕೆ ಸಾಗಿಸಿಬಿಟ್ಟಿದ್ದೆ.

ಸಂಜೆ ಕಣ್ಣು ಮಿಟುಕಿಸದೆ ಕೂತೆ. ಎಲೆ ಅಲುಗಲಿಲ್ಲ. ಭಾವಮೈದುನನ ಫೋನ್ ಬಂತು, ಅವರ ಸೈಟಿನ ಖಾತೆಯ ಕಥೆ ಕೇಳಿಸಿಕೊಂಡು ತಿರುಗುವುದರೊಳಗೆ ಎಲೆಗಳೆಲ್ಲ ಊಟ ಮುಗಿದ ಬಾಳೆಲೆಯಂತೆ ಮಡಚಿಕೊಂಡಿದ್ದವು. ಟಾರ್ಚು ಬಿಟ್ಟೆ. ಕ್ಯಾರೇ ಅನ್ನಲಿಲ್ಲ. ಕತ್ತಲಾಯಿತೆಂದು ಮಲಗಿತೋ, ಹೊತ್ತಾಯಿತೆಂದು ಮಲಗಿತೋ ಎಂಬ ಪ್ರಶ್ನೆ ಆಗ ಎದ್ದಿತು.

ಈ ಪ್ರಶ್ನೆ ನನಗಿಂತ ಮೊದಲು ಫ್ರಾನ್ಸಿನ ದ ಮೈರಾನ್ ಎಂಬ ಖಗೋಳ ವಿಜ್ಞಾನಿಗೆ ಎದ್ದಿತ್ತು. 1729ರಲ್ಲಿ ಆತ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲೇ ಕಾಣದಿದ್ದರೂ ಎಲೆ ಹಗಲು ಬಿಚ್ಚಿ ರಾತ್ರಿ ಮುಚ್ಚುತ್ತಿತ್ತು. ನಕ್ಷತ್ರ ನೋಡುವವನಿಗೆ ಎಲೆ ಸಣ್ಣ ವಿಷಯವಾಗಿ ಕಂಡಿರಬೇಕು. ಪ್ಯಾರಿಸ್ಸಿನ ಅಕಾಡೆಮಿಗೆ ಅದನ್ನು ವರದಿ ಮಾಡಿದ್ದು ಅವನ ಗೆಳೆಯ. ನನಗೆ ಅಂಥ ಗೆಳೆಯರಿಲ್ಲ, ಕತ್ತಲೆ ಕೋಣೆಯೂ ಇಲ್ಲ. ಮನೆಗೆ ಬಣ್ಣ ಹೊಡೆಸಿದಾಗ ಉಳಿದ ಡಿಸ್ಟೆಂಪರ್ ಬಕೆಟ್ಟಿತ್ತು. ರಾತ್ರಿಯೇ ಅದನ್ನು ಮಲಗಿದ ಗಿಡದ ಮೇಲೆ ಬೋರಲು ಹಾಕಿ, ಸಂದಿಗೆಲ್ಲ ಮಣ್ಣು ಮೆತ್ತಿ, ಮೇಲೊಂದು ಇಟ್ಟಿಗೆ ಇಟ್ಟೆ.

ಬೆಳಿಗ್ಗೆ ತೊಡಕು ಹೊಳೆಯಿತು. ಬಕೆಟ್ ಎತ್ತದೆ ಎಲೆ ಕಾಣುವುದಿಲ್ಲ. ಎತ್ತಿದರೆ ಬೆಳಕು ಬಿದ್ದು ಪ್ರಯೋಗ ಕೆಡುತ್ತದೆ. ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ತಲೆ ಮೇಲೆ ಕಂಬಳಿ ಎಳೆದುಕೊಂಡು, ಬಕೆಟ್ಟಿನ ಒಂದು ಅಂಚನ್ನು ಬೆರಳಷ್ಟೇ ಎತ್ತಿದೆ. ಆಗಲೇ ಕೊರಿಯರ್ ಹುಡುಗ ಗೇಟು ತೆರೆದ.

"ಸಾರ್, ಹಾವಾ?"

"ಅಲ್ಲಪ್ಪ, ಗಿಡ."

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಓಡಿಹೋಗುತ್ತಾ ಸಾರ್?"

ಮಲಗಿದಲ್ಲಿಂದಲೇ, ಕಂಬಳಿಯೊಳಗಿಂದಲೇ ಅವನಿಗೆ ಒಟಿಪಿ ಹೇಳಿದೆ. ಅವನು ಪಾರ್ಸೆಲ್ಲನ್ನು ನನ್ನ ಬೆನ್ನ ಮೇಲಿಟ್ಟು ಹೋದ. ಅದೇ ಕ್ಷಣಕ್ಕೆ ಕಾಣಿಸಿತು: ಬಕೆಟ್ಟಿನ ಕತ್ತಲೊಳಗೆ ಎಲೆಗಳೆಲ್ಲ ಅಗಲವಾಗಿ ಬಿಚ್ಚಿಕೊಂಡಿದ್ದವು! "ಬಿಚ್ಚಿದೆ ಕಣೇ, ಬಿಚ್ಚಿದೆ!" ಎಂದು ಕೂಗಿದ್ದಕ್ಕೆ ಹೆಂಡತಿ ಹೊರಗೆ ಬಂದು, ಮೊದಲು ಬೀದಿ ನೋಡಿ, ಆಮೇಲೆ ನನ್ನ ಪಂಚೆ ನೋಡಿ, "ಆ ಬಕೆಟ್ ಕೊಡಿ, ನೆಲ ಒರೆಸಬೇಕು" ಎಂದಳು.

ಬಕೆಟ್ ಒಯ್ಯಲು ಬಂದ, ನಂಜನಗೂಡು ಕಡೆಯ ನಮ್ಮ ಕೆಲಸದಾಕೆ ಗಿಡದತ್ತ ಒಮ್ಮೆ ನೋಡಿ, "ತಗಚೆ ಸೊಪ್ಪಲ್ವಾ ಸಾರ್" ಎಂದಳು.

"ಕಡಲೇಕಾಯಿ ಅಂತಾರಲ್ಲ?"

"ಕಡ್ಲೆಕಾಯ್ಗೆ ಎರಡು ಜೊತೆ ಎಲೆ. ಇದ್ಕೆ ಮೂರು. ಎಣ್ಸಿ."

ಎಣಿಸಿದೆ. ಒಂದೊಂದು ತೊಟ್ಟಿಗೂ ಮೂರು ಜೊತೆ, ತುದಿಯ ಜೊತೆ ಉಳಿದವಕ್ಕಿಂತ ದೊಡ್ಡದು. ಕೆಳಗಿನ ಜೊತೆಯ ಸಂದಿಯಲ್ಲಿ ಸೂಜಿಮೊನೆಯಷ್ಟು ಕಿತ್ತಳೆ ಬಣ್ಣದ ಕಡ್ಡಿ. ಗಿಡದ ನಿದ್ದೆ ಕಾದವನಿಗೆ ಅದರ ಎಲೆ ಎಣಿಸಬೇಕೆಂದು ಹೊಳೆದಿರಲಿಲ್ಲ.

"ಸಾರು ಚೆನ್ನಾಗಿರುತ್ತಾ?" ಎಂದೆ.

"ಮಳೆ ಹೋದ್ ವರ್ಸ ನಮ್ಮವ್ವ ಇದನ್ನೇ ಬೇಯ್ಸಿ ಹಾಕೋಳು. ಹಿಟ್ಟು ಕಮ್ಮಿ, ಸೊಪ್ಪೇ ಜಾಸ್ತಿ. ನೀವು ಬೇಕಾದ್ರೆ ಮಾಡ್ಕಳಿ. ನಂಗೆ ಮಾತ್ರ ಕೊಡ್ಬೇಡಿ." ಬಕೆಟ್ ಎತ್ತಿಕೊಂಡು ಒಳಗೆ ಹೋದಳು. ದ ಮೈರಾನನ ಕಥೆ ಅವಳಿಗೆ ಹೇಳಬೇಕೆಂದಿದ್ದೆ, ಹೇಳಲಿಲ್ಲ.

ತಗಚೆಯೇ ತಮ್ಮ ತಜಂಕ್ ಎಂದು ಬಂಟ್ವಾಳದ ಅಮ್ಮ ಕುಡಿ ಚಿವುಟಿ ಪಲ್ಯ ಮಾಡಿ ಕಳಿಸಿದರು. ಬೆಂದ ಮೇಲೆ ನಾತ ಇಲ್ಲ, ಸಣ್ಣಗೆ ಕಹಿ, ಹಲಸಿನ ಬೀಜಕ್ಕೆ ಒಪ್ಪುತ್ತದೆ. ಇದರ ಬೀಜ ಹುರಿದು ಕಾಫಿಗೆ ಬದಲಾಗಿ ಕುಡಿಯುವವರೂ ಇದ್ದಾರೆ. ಮೈಸೂರಿನಲ್ಲಿದ್ದುಕೊಂಡು ನಾನು ಅಷ್ಟು ದೂರ ಹೋಗಲಾರೆ.

ಸುದ್ದಿ ತಿಳಿದ ನಿವೃತ್ತರು ಸೋಲೊಪ್ಪಲಿಲ್ಲ; ಖಾಲಿ ಸೈಟಿನಿಂದ ಒಂದು ಕಂತೆ ಕಿತ್ತು ತಂದು "ತಗೊಳ್ಳಿ, ನಿಮ್ಮ ತಗಚೆ" ಎಂದರು. ಎಲೆ ಚೂಪು, ತೊಟ್ಟಿಗೆ ಐದು ಜೊತೆ. ಅದು ದೊಡ್ಡ ತಗಚೆ. ಹಾಗೇ ಎಸೆಸಿದೆ. ಪಶ್ಚಿಮ ಉತ್ತರ ಪ್ರದೇಶದಲ್ಲಿ ವರ್ಷವರ್ಷವೂ ಮಕ್ಕಳು ಸಾಯುತ್ತಿದ್ದಾಗ ಮೆದುಳಿನ ಸೋಂಕು ಎಂದೇ ತಿಳಿಯಲಾಗಿತ್ತು; ಆಟವಾಡುತ್ತ ಅವರು ತಿಂದ ದೊಡ್ಡ ತಗಚೆಯ ಬೀಜದತ್ತ 2007ರಲ್ಲಿ ಪ್ರಕಟವಾದ ಅಧ್ಯಯನ ಬೆರಳು ತೋರಿತು. ಆದ್ದರಿಂದ ತಗಚೆ ತಿನ್ನುವ ಮನಸ್ಸಾದವರು ಬಲ್ಲವರಿಗೆ ತೋರಿಸಿ, ಎಲೆ ಎಣಿಸಿ, ಆಮೇಲೆ ಬಾಣಲೆ ಇಡಿ.