ಗಂಡಸರ ಒಂಬತ್ತು ನಿಮಿಷ

ಕೊರೊನಾ ಬಂದು ಜನರ ದಿನಚರಿಯನ್ನೇ ಬುಡಮೇಲು ಮಾಡಿತು ಅಂತ ಬಲ್ಲವರು ಬರೆದದ್ದೇ ಬರೆದದ್ದು. ಹೇಮಗುಡ್ಡದ ಕಡೆ ಬಂದು ನೋಡಿ ಬರೆದವರಲ್ಲ, ಬಿಡಿ. ಇಲ್ಲಿ ಬದಲಾದದ್ದು ಕುಂದ್ರುವ ಜಾಗ. ಗುಡಿ ಕಟ್ಟೆ ಮೇಲೆ ಕುಂತಿದ್ದ ಗಂಡಸು ಪಡಸಾಲೆಗೆ ಬಂದು ಕುಂತ.

2020ರ ಮಾರ್ಚ್ 22ರ ಸಂಜೆ 5ಕ್ಕೆ ತಾಟು ಬಡಿಯಿರಿ ಎಂದರು, ಬಡಿದ. ಬಡಿದ ತಾಟನ್ನು ತಿಕ್ಕಿದ್ದು ಯಾರು ಅಂತ ಯಾವ ಚಾನೆಲ್ಲೂ ತೋರಿಸಲಿಲ್ಲ. 25ರಿಂದ ದೇಶಕ್ಕೇ ಬೀಗ. 28ರಿಂದ ದೂರದರ್ಶನದಲ್ಲಿ ಹಳೇ ರಾಮಾಯಣ. ಬೈಕ್ ಹತ್ತಿದರೆ ಸಿಗುವ ಆನೆಗೊಂದಿಯ ಕಿಷ್ಕಿಂಧೆಗೆ ಹೋಗುವಂತಿಲ್ಲ; ವಾಲಿ-ಸುಗ್ರೀವರ ಕುಸ್ತಿಯನ್ನು ಟಿವಿಯೊಳಗೇ ನೋಡಬೇಕು. ನೋಡುವಾಗ ಚಹಾ ಬೇಕು. ಕುಸ್ತಿ ಜೋರಾದರೆ ಜೊತೆಗೆ ಮಂಡಾಳ ಒಗ್ಗರಣಿ, ಮಿರ್ಚಿ.

ಬೆಂಗಳೂರಿಗೆ ದುಡಿಯಲು ಹೋದ ಮಕ್ಕಳು-ಸೊಸೆಯಂದಿರು ಗಂಟು ಹೊತ್ತು ಮರಳಿದರು. ಶಾಲೆ ಮುಚ್ಚಿದ್ದರಿಂದ ಮಧ್ಯಾಹ್ನದ ಬಿಸಿಯೂಟವೂ ಮನೆಯೊಲೆಯ ಪಾಲಿಗೇ ಬಂತು. ರೊಟ್ಟಿ ಬಡಿಯುವ ಸದ್ದು ಬೆಳಗಿನಿಂದ ನಿಲ್ಲಲಿಲ್ಲ. ಅದು ಮುಗಿದ ಮೇಲೆ ಉದ್ಯೋಗ ಖಾತ್ರಿ: ಆ ವರ್ಷ ದಿನದ ಕೂಲಿ 275 ರೂಪಾಯಿ, ಹೆಣ್ಣಿಗೂ ಗಂಡಿಗೂ ಒಂದೇ. ಸಮಾನತೆ ಹೂಳೆತ್ತುವ ಕೆರೆ ದಂಡೆವರೆಗೆ ಬಂದಿತ್ತು. ಹೊಸ್ತಿಲು ದಾಟಿ ಒಳಗೆ ಬರಲು ಅದಕ್ಕೆ ಪಾಸ್ ಸಿಕ್ಕಿರಲಿಲ್ಲ.

ಗಂಡಸರಿಗೆ ಶಿಸ್ತು ಬರಲೇ ಇಲ್ಲ ಎಂದರೆ ಅನ್ಯಾಯವಾದೀತು. ಮೇ 4ರಂದು ರಾಜ್ಯದಲ್ಲಿ ಮದ್ಯದಂಗಡಿ ತೆರೆದಾಗ, ರೇಷನ್ ಅಂಗಡಿಯ ಸಾಲಿನಲ್ಲಿ ಎಂದೂ ಕಾಣಿಸದವರು ಸುಡು ಬಿಸಿಲಲ್ಲಿ ಸುಣ್ಣದ ಗೆರೆಯೊಳಗೆ ಕದಲದೆ ನಿಂತರು. 2021ರ ಎರಡನೇ ಅಲೆಯಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ಖರೀದಿಗೆ ಬಿಟ್ಟಾಗ ಚೀಲ ಹಿಡಿದು ಹೊರಟರು. ನಾಲ್ಕು ತಾಸು ತಿರುಗಿ ಒಂದು ಸಿವುಡು ಕೊತ್ತಂಬರಿ ತಂದರು, ಅದೂ ಬಾಡಿದ್ದು.

“ಕಟ್ಟಿ ಮ್ಯಾಲ ಕುಂದ್ರತಿದ್ದಾಗ ಎರಡು ಹೊತ್ತು ಉಣ್ಣಾಕ ಬರತಿದ್ರಿ,” ಎಂದಳು ಒಬ್ಬ ಮನೆಯೊಡತಿ. “ಈಗ ಮನ್ಯಾಗ ಕುಂತು ಏಳು ಹೊತ್ತು ಉಣ್ಣಾಕ ಹತ್ತೀರಿ. ಪೊಲೀಸರು ಮನಿ ಒಳಗ ಬರಂಗಿಲ್ಲೇನ್ರೀ?”

ಇದಕ್ಕೆಲ್ಲ ಸರ್ಕಾರದ ಲೆಕ್ಕವೂ ಇದೆ. ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶವಿಡೀ ಕೇಳಿತ್ತು. ಕೂಲಿಯಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಈ 97 ಕೂಡ ಕೆಲಸ ಮುಟ್ಟಿದವರದಷ್ಟೇ. ನೂರಕ್ಕೆ ಸುಮಾರು 74 ಗಂಡಸರು ಮುಟ್ಟಿಯೇ ಇರಲಿಲ್ಲ. ಆಮೇಲೆ ಮಹಾಮಾರಿ ಬಂತು. ಗಂಡಸರು ಅಡುಗೆ ಕಲಿತರು, ಕಸ ಹೊಡೆದರು, ಅದನ್ನು ಮೊಬೈಲಲ್ಲಿ ಹಿಡಿದು ಸ್ಟೇಟಸ್ಸಿಗೂ ಹಾಕಿದರು. 2024ರಲ್ಲಿ ಮತ್ತೆ ಕೇಳಿದರೆ ಗಂಡಸರ ಲೆಕ್ಕ 88 ನಿಮಿಷ! ಇಷ್ಟೆಲ್ಲ ಕಲಿತ ಮೇಲೆ ಒಂಬತ್ತು ನಿಮಿಷ ಕಡಿಮೆ.

2020ರ ಏಪ್ರಿಲ್ 5ರ ರಾತ್ರಿ 9ಕ್ಕೆ ಒಂಬತ್ತು ನಿಮಿಷ ದೀಪ ಆರಿಸಿ ಎಂದಿದ್ದರಲ್ಲ, ನಮ್ಮವರು ಅದನ್ನು ದಿನದ ವ್ರತ ಮಾಡಿಕೊಂಡಿರಬೇಕು.

ಹೆಂಗಸರ ಲೆಕ್ಕವೂ ಹತ್ತು ನಿಮಿಷ ಇಳಿದು 289ಕ್ಕೆ ಬಂದಿದೆ. ಆ ಪುಣ್ಯ ತಮ್ಮದೇ ಎಂದು ಕಟ್ಟೆ ಮೇಲೆ ಈಗಾಗಲೇ ವಾದ ಶುರುವಾಗಿದೆ. ಮಿಕ್ಸರಿಗೆ ಬಾಯಿಲ್ಲ, ಗ್ಯಾಸ್ ಸಿಲಿಂಡರಿಗೂ ಇಲ್ಲ. ವಾದ ಗೆದ್ದವರು ಚಹಾಕ್ಕೆ ಹೇಳಿ ಕಳಿಸಿದ್ದಾರೆ.