ಕಾರ್ಕೋಟಕನ ಬಾಡಿಗೆ ಮನೆ

ಟೆಕ್ಸಾಸ್‌ನ ಡಲ್ಲಾಸ್ ಹೊರವಲಯದ ಒಂದು ಅಪಾರ್ಟ್‌ಮೆಂಟು. ರಾತ್ರಿ ಹನ್ನೊಂದೂವರೆ. ಹಗಲು ಹೊತ್ತು ಯಾರನ್ನೂ ನೋಡುವುದಿಲ್ಲ ಎಂದು ಮೊದಲೇ ಹೇಳಿ ಕಳಿಸಿದ್ದರಿಂದ ಈ ವೇಳೆ. ಎದುರಿಗೆ ಗಾಜಿನ ಬಾಗಿಲಿನ ಪೆಟ್ಟಿಗೆ. ಒಳಗೆ ಅಡ್ಡಗೋಲಿನ ಮೇಲೆ ಹಸಿರು ಸುರುಳಿ, ಬೆನ್ನಿನ ಮೇಲೆ ಸುಣ್ಣದಲ್ಲಿ ಗೀಚಿದಂತೆ ಬಿಳಿ ಪಟ್ಟೆ, ಸುರುಳಿಯ ನಟ್ಟನಡುವೆ ತಲೆ. ಎಮರಾಲ್ಡ್ ಟ್ರೀ ಬೋವಾ: ನಮ್ಮ ಹೆಬ್ಬಾವಿನ ದೂರದ ನೆಂಟ, ಮರವಾಸಿ, ವಿಷವಿಲ್ಲ. ಸಾಕಿದಾತ ತುಮಕೂರು ಕಡೆಯ ಸಾಫ್ಟ್‌ವೇರ್ ಹುಡುಗ. ವಿಷವಿಲ್ಲದವನಿಗೆ ಕಾರ್ಕೋಟಕ ಎಂದು ಹೆಸರಿಟ್ಟಿದ್ದಾನೆ. ಹಾವಿಗೆ ಹೊರಕಿವಿ ಇಲ್ಲ ನಿಜ, ಒಳಕಿವಿ ಇದೆ. ದಿನಾ ರಾತ್ರಿ ಅಮ್ಮನ ಹತ್ತಿರ ಸ್ಪೀಕರ್ ಹಾಕಿಕೊಂಡು ಮಾತಾಡುವವನ ಮನೆಯಲ್ಲಿದ್ದು ಕನ್ನಡ ಬರದೇ ಹೋದೀತೆ?

ನಮಸ್ಕಾರ. ಮೊದಲು ಊರು, ಮನೆತನ ಹೇಳಿ.

ಹಿರಿಯರ ಊರು ಸುರಿನಾಮ್. 1758ರಲ್ಲಿ ಸ್ವೀಡನ್ನಿನ ಲಿನೇಯಸ್ ನಮ್ಮನ್ನು ಕಡತಕ್ಕೆ ಸೇರಿಸಿದ. ಬಹಳ ಕಾಲ ಒಟ್ಟು ಕುಟುಂಬ. 2009ರಲ್ಲಿ ವಿಜ್ಞಾನಿಗಳು ಬಂದು ಹುರುಪೆ ಎಣಿಸಿ ಪಾಲು ಮಾಡಿಕೊಟ್ಟರು. ಗಯಾನಾ, ಸುರಿನಾಮ್ ಕಡೆಯವರು ಒಂದು ಪ್ರಭೇದ, ಅಮೆಜಾನ್ ಕೊಳ್ಳದವರು ಇನ್ನೊಂದು. ಅವರ ಬೆನ್ನಿನ ಬಿಳಿ ಗೆರೆ ಉದ್ದಕ್ಕೂ ಕೂಡಿಕೊಂಡಿರುತ್ತೆ, ಆ ಒಂದು ಗೆರೆಗೆ ಸಂತೆಯಲ್ಲಿ ಬೆಲೆ ಜಾಸ್ತಿ. ಪಾಲು ಅಂದ ಮೇಲೆ ತೋಟ ಒಬ್ಬರಿಗೆ, ಬೀಳು ಒಬ್ಬರಿಗೆ. ಬಿಡಿ.

ನ್ಯೂಗಿನಿಯ ಹಸಿರು ಹೆಬ್ಬಾವೂ ಹೀಗೇ ಸುರುಳಿ ಸುತ್ತಿ ಕೂರುತ್ತಂತೆ. ನೆಂಟರೆ?

ಸುಮ್ಮನಿರಿ. ಅವನು ಪೈಥಾನ್, ನಾನು ಬೋವಾ. ಅವರಲ್ಲಿ ಮೊಟ್ಟೆ ಇಡುತ್ತಾರೆ, ನಮ್ಮಲ್ಲಿ ಮರಿ ಹಾಕುತ್ತಾರೆ. ನಡುವೆ ಒಂದು ಮಹಾಸಾಗರ. ಇಬ್ಬರೂ ಮರದ ಮೇಲೆ ಒಂದೇ ಉದ್ಯೋಗ ಹಿಡಿದೆವು, ಕೂರುವ ಭಂಗಿ ಒಂದೇ ಆಯಿತು. ನಿಮ್ಮಲ್ಲಿ ಬ್ಯಾಂಕಿನವರೆಲ್ಲ ಒಂದೇ ಥರ ಕಾಣುವುದಿಲ್ಲವೆ?

ಈಗ ಮನೆಯ ವಿಷಯಕ್ಕೆ ಬರೋಣ. ಗೃಹಪ್ರವೇಶ ಹೇಗಾಯಿತು?

ಮೊದಲನೇ ಮನೆ ಗಾಜಿನದು. ಹೆಸರಿನಲ್ಲಿ ‘ಟ್ರೀ’ ಇದೆಯಲ್ಲ, ಹುಡುಗ ಕಿರಿದಾದ, ಎತ್ತರದ ಪೆಟ್ಟಿಗೆ ತಂದ. ಲಿಫ್ಟಿನ ಗುಂಡಿಯಲ್ಲಿ ಸಂಸಾರ ಹೂಡಿದ ಹಾಗಾಯಿತು. ನಾವು ಮರದಲ್ಲಿರುವುದು ನಿಜ, ದಿನವಿಡೀ ಮೇಲೆ ಕೆಳಗೆ ಓಡಾಡುತ್ತೇವೆ ಅಂತ ಅವನಿಗೆ ಯಾರು ಹೇಳಿದರೋ. ನಾವು ಕೂರುವುದು ಅಡ್ಡಕೊಂಬೆಯ ಮೇಲೆ. ನಮಗೆ ಬೇಕಾದ್ದು ಅಡ್ಡದ ಜಾಗ. ಆ ಪೆಟ್ಟಿಗೆಯಲ್ಲಿ ಅವನು ನೆಟ್ಟ ಕೊಂಬೆಗಳೆಲ್ಲ ನೆಟ್ಟಗೆ ನಿಂತವು, ಧ್ವಜಸ್ತಂಭಗಳು! ಆರು ಅಡಿಯ ಜೀವ ಧ್ವಜಸ್ತಂಭದ ಮೇಲೆ ಸುರುಳಿ ಸುತ್ತಿ ಮಲಗುವುದು ಹೇಗೆ ಸ್ವಾಮಿ?

ಒಳಗಡೆ ಅಲಂಕಾರ?

ಅಯ್ಯೋ, ಅದನ್ನು ಕೇಳಬೇಡಿ. ಪ್ಲಾಸ್ಟಿಕ್ ತಲೆಬುರುಡೆ. ರಾಳದಲ್ಲಿ ಅಚ್ಚು ಹಾಕಿದ ಪಾಳುಗುಡಿ. ಕರೆಂಟಿನಲ್ಲಿ ಕಾಯುವ ಬಿಸಿಕಲ್ಲು ಬೇರೆ, ಅದೂ ನೆಲದ ಮೇಲೆ. ನಾನು ನೆಲಕ್ಕಿಳಿದು ಬಿದ್ದುಕೊಂಡಿದ್ದೇನೆ ಅಂದರೆ ಮೈ ಸರಿಯಿಲ್ಲ, ಇಲ್ಲವೇ ಮೇಲೆ ಸೆಕೆ ತಡೆಯುತ್ತಿಲ್ಲ ಅಂತ ಅನುಮಾನಪಡಬೇಕು. ಅಂಥವನಿಗೆ ನೆಲದಲ್ಲಿ ಒಲೆ ಹಚ್ಚಿಕೊಡುತ್ತಾರೆ, ಹೊಟ್ಟೆ ಸುಟ್ಟುಕೊಳ್ಳಲಿ ಅಂತ. ಹಸಿರಿಗೆ ಅಂತ ತಂದು ಹಬ್ಬಿಸಿದ್ದು ಮನಿ ಪ್ಲಾಂಟು. ಜಯನಗರದ ಜಗಲಿಯಲ್ಲಿ ಬಾಟಲಿಯೊಳಗೆ ಬೆಳೆಯುತ್ತಲ್ಲ, ಅದೇ. ಅದನ್ನು ತೋರಿಸಿ ಗೆಳೆಯರಿಗೆಲ್ಲ ‘ಇದು ಅಮೆಜಾನ್ ಸೆಟ್ಟಿಂಗ್’ ಅನ್ನುತ್ತಾನೆ. ಆ ಬಳ್ಳಿಯ ಮೂಲ ಪೆಸಿಫಿಕ್ ದ್ವೀಪ. ಅವನು ಹೇಳಿದ ಅಮೆಜಾನ್ ಡಬ್ಬ ತಂದುಕೊಡುವ ಕಂಪನಿಯೋ ಏನೋ. ಬಳ್ಳಿಯ ಮೇಲೆ ನನಗೆ ಸಿಟ್ಟಿಲ್ಲ, ಎಲೆಮರೆ ಸಿಕ್ಕರೆ ಸಾಕು.

ತೇವಾಂಶ ಬಹಳ ಬೇಕಂತಲ್ಲ?

ಬೇಕು. ಅಲ್ಲೇ ಎಲ್ಲರೂ ಎಡವುವುದು. ಎಲ್ಲೋ ‘ಮಳೆಕಾಡು’ ಅಂತ ಓದಿಬಿಟ್ಟ. ಮೇಲಿನ ಜಾಲರಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಹಗಲು ರಾತ್ರಿ ಸ್ಪ್ರೇ ಹೊಡೆದ. ಮಾಪಕದ ಮುಳ್ಳು ತೊಂಬತ್ತು ದಾಟಿದಾಗ ಚಪ್ಪಾಳೆ ತಟ್ಟಿದ. ವಾರದಲ್ಲಿ ಗೋಡೆಗೆ ಬೂಷ್ಟು, ನನ್ನ ಮೂಗಿನಲ್ಲಿ ಗುಳ್ಳೆ. ಕಾಡಿನಲ್ಲಿ ಮಳೆ ಬರುತ್ತೆ, ಹೋಗುತ್ತೆ. ಆಮೇಲೆ ಗಾಳಿ ಬೀಸುತ್ತೆ, ಮೈ ಒಣಗುತ್ತೆ. ಇವನು ಮಳೆ ಕೊಟ್ಟ, ಗಾಳಿ ನಿಲ್ಲಿಸಿದ. ನಿಂತ ತೇವದಲ್ಲಿ ನಮಗೆ ಬರುವುದು ಶ್ವಾಸಕೋಶದ ಕಾಯಿಲೆ.

ಸರಿಪಡಿಸಿದ್ದು ವೈದ್ಯರೆ?

ವೈದ್ಯರು ಔಷಧ ಕೊಟ್ಟರು. ಸರಿಪಡಿಸಿದ್ದು ಇವನ ಅಮ್ಮ. ಆರು ತಿಂಗಳ ವೀಸಾದಲ್ಲಿ ಬಂದಿದ್ದರು. ಕೋಣೆಗೆ ಕಾಲಿಟ್ಟವರೇ ಸೆರಗು ಮೂಗಿಗೆ ಹಿಡಿದು, ‘ಏನೋ ಇದು, ಮಳೆಗಾಲದ ಉಗ್ರಾಣದ ವಾಸನೆ! ಗಾಳಿ ಆಡಬೇಕು ಕಣೋ’ ಅಂದರು. ಇವನು ನಲವತ್ತು ವಿಡಿಯೋ ನೋಡಿ ಕಲಿಯದ್ದು ಆ ಒಂದು ವಾಕ್ಯದಲ್ಲಿತ್ತು. ಮುಂದಿನ ತಿಂಗಳೇ ಹೊಸ ಮನೆ ಬಂತು. ಪಿವಿಸಿ ಹಲಗೆಯದು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಒಂದು ಪಕ್ಕ ಕೆಳಗೆ ಕಿಂಡಿ, ಎದುರು ಪಕ್ಕ ಮೇಲೆ ಕಿಂಡಿ. ಸಂಜೆ ಒಂದು ಸಲ ಜೋರು ಸ್ಪ್ರೇ, ಬೆಳಗಾಗುವಷ್ಟರಲ್ಲಿ ಎಲೆ ಒಣಗಿರಬೇಕು. ಮೈಮೇಲೆ ನಿಂತ ಹನಿಯನ್ನೇ ನಾನು ಕುಡಿಯುವುದು. ಸುರುಳಿ ಸುತ್ತಿರುವುದು ನೀವಂದುಕೊಂಡ ಹಾಗೆ ಬರೀ ಶೋಕಿಗಲ್ಲ.

ಹೊಸ ಮನೆಯಲ್ಲಿ ಮೆಚ್ಚಿಗೆಯಾದದ್ದು?

ಅಡ್ಡಗೋಲು. ನೋಡಿ, ಹತ್ತಿರ ಬಂದು ನೋಡಿ, ಗಾಜು ಮುಟ್ಟಬೇಡಿ. ನನ್ನ ಮೈಯಷ್ಟೇ ದಪ್ಪ. ಒಂದು ಬೆಚ್ಚಗಿರುವ ಕಡೆ, ಒಂದು ತಂಪು ಕಡೆ, ಎತ್ತರ ಬೇರೆ ಬೇರೆ. ಬೆಚ್ಚಗಿನ ಕಡೆ 29, 30 ಡಿಗ್ರಿ. ಶಾಖದ ಹಲಗೆ ಮಾಡಿಗೆ ಅಂಟಿದೆ, ಥರ್ಮೋಸ್ಟಾಟ್ ಅದಕ್ಕೆ ಕಡಿವಾಣ. ಎರಡೂ ತುದಿಗೆ ಕೊಕ್ಕೆಯಿದೆ. ಡಾಕ್ಟರ ಹತ್ತಿರ ಹೋಗಬೇಕಾದರೆ ಗೋಲಿನ ಸಮೇತ ಎತ್ತಿಕೊಂಡು ಹೋಗಬಹುದು. ಮೊದಲಿನ ಮನೆಯಲ್ಲಿ ಕೊಂಬೆಯಿಂದ ನನ್ನನ್ನು ಬಿಡಿಸಲು ಇವನು ಎಳೆಯುತ್ತಿದ್ದ, ನಾನು ಬಿಗಿಯುತ್ತಿದ್ದೆ. ಇಬ್ಬರ ಸೊಂಟಕ್ಕೂ ಕೇಡು, ನನಗೆ ಸೊಂಟ ಉದ್ದ ಬೇರೆ. ಈಗಿನ ಗೋಲು ಬರೀ ಪ್ಲಂಬರ್ ಅಂಗಡಿಯ ಪೈಪು. ತಲೆಬುರುಡೆಗೆ ಕೊಟ್ಟ ದುಡ್ಡಿನಲ್ಲಿ ಇಂಥ ಹತ್ತು ಬರುತ್ತಿದ್ದವು. ಆದರೆ ಪೈಪಿನ ಫೋಟೋ ಹಾಕಿದರೆ ಯಾರು ಲೈಕ್ ಒತ್ತುತ್ತಾರೆ?

ನೆಲಕ್ಕೆ ಹಾಸಿರುವುದು ತೆಂಗಿನ ನಾರಿನ ಪುಡಿ. ತೆಂಗಿನ ಸೀಮೆಯಿಂದ ಬಂದ ಹುಡುಗ ಡಾಲರ್ ಕೊಟ್ಟು ನಾರಿನ ಪುಡಿ ಕೊಂಡದ್ದು ತಿಳಿದು ಅವನ ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು.

ಇವರ ಮನೆ ಸಸ್ಯಾಹಾರಿ ಎಂದು ಕೇಳಿದ್ದೇವೆ.

ಇವರ ಮನೆ, ಹೌದು. ನನ್ನ ಮನೆ ಅಲ್ಲ. ಫ್ರೀಜರಿನಲ್ಲಿ ಮೇಲೆ ಕಾಯಿತುರಿ, ಕೆಳಗೆ ಇಲಿ. ಇಲಿಯ ಡಬ್ಬದ ಮೇಲೆ ‘ಆಫೀಸ್ ಸಾಮಾನು’ ಅಂತ ಬರೆದಿದ್ದ. ಹಬ್ಬದ ದಿನ ಹೋಳಿಗೆ ಹೂರಣಕ್ಕೆ ಅಂತ ಅಮ್ಮ ಕೈ ಹಾಕಿದರು... ಅವತ್ತಿನ ಕೂಗು ಹೊರಕಿವಿ ಇಲ್ಲದ ನನಗೂ ಕೇಳಿಸಿತು. ಆದರೂ ದೊಡ್ಡ ಮನಸ್ಸಿನವರು. ನಾಗರಪಂಚಮಿಗೆ ಗಾಜಿನ ಮುಂದೆ ಹಾಲಿಟ್ಟರು. ಹಾಲು ನಮ್ಮ ಆಹಾರವಲ್ಲ, ನಿಮ್ಮೂರಿನ ನಾಗರಹಾವಿನದೂ ಅಲ್ಲ. ಮಗ ತಡೆದ. ‘ಮೂರು ವಾರಕ್ಕೊಂದು ಊಟ, ಅದಕ್ಕೂ ಕಲ್ಲು ಹಾಕ್ತೀಯಾ’ ಅಂತ ಮಗನಿಗೇ ಬೈದರು. ಊಟ ಅಷ್ಟೇ ಸಾಕು ಅಮ್ಮಾ, ಜಾಸ್ತಿ ಹಾಕಿದರೆ ಕಕ್ಕುತ್ತೇನೆ ಅಂತ ಹೇಳಬೇಕೆನಿಸಿತ್ತು.

ಈ ಹುಡುಗ ಬೆಂಗಳೂರಿಗೆ ವಾಪಸ್ ಹೋದರೆ ನೀವೂ ಹೋಗುವಿರಾ?

ಕಾಗದ ಪತ್ರ ನೋಡಿದ್ದೀರಾ? ನಾವು ಸೈಟಿಸ್ ಪಟ್ಟಿಯವರು, ಅಂದರೆ ಗಡಿ ದಾಟಿಸಲು ಅಂತರರಾಷ್ಟ್ರೀಯ ಒಪ್ಪಂದದ ಕಡಿವಾಣ ಇರುವವರು. 2022ರ ತಿದ್ದುಪಡಿಯಲ್ಲಿ ನಿಮ್ಮ ವನ್ಯಜೀವಿ ಕಾಯ್ದೆಯೊಳಗೂ ಆ ಪಟ್ಟಿ ಬಂದು ಕೂತಿದೆ. ಪರವಾನಗಿ, ನೋಂದಣಿ, ಅದಕ್ಕೆ ಸರ್ಕಾರದ ಪರಿವೇಶ್ ಪೋರ್ಟಲ್. ಇವನು ಮನೆ ಬಾಡಿಗೆಯ ಕರಾರನ್ನೇ ಓದದೆ ಸಹಿ ಹಾಕಿದವನು. ಕಾಗದ ಬೇಡ ಅನ್ನುವವರ ದಾರಿ ಬೇರೆ: 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಲಗೇಜಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದವರಿಗೆ ಹತ್ತು ಹಳದಿ ಅನಕೊಂಡ ಸಿಕ್ಕವು. ಬೋವಾ ಕುಟುಂಬದವರೇ, ನನ್ನ ದಾಯಾದಿಗಳು. ಅಡ್ಡಗೋಲು, ಗಾಳಿ, ಮಾಪಕ ಅಂತ ಇಷ್ಟು ಹೊತ್ತು ಹೇಳಿದೆನಲ್ಲ, ಸೂಟ್‌ಕೇಸಿನಲ್ಲಿ ಅವು ಯಾವುದೂ ಇರುವುದಿಲ್ಲ.

ಕೊನೆಯದಾಗಿ, ನಿಮ್ಮ ಯಜಮಾನನ ಬಗ್ಗೆ ಒಂದು ಒಳ್ಳೆಯ ಮಾತು?

ಹುಡುಗ ಒಳ್ಳೆಯವನು. ತಾನು ಮಂಚವಿಲ್ಲದೆ ನೆಲದ ಹಾಸಿಗೆಯಲ್ಲಿ ಮಲಗುತ್ತಾನೆ, ನನ್ನ ಮನೆಗೆ ಎರಡು ಥರ್ಮಾಮೀಟರು. ಒಂದೇ ಒಂದು ದೂರು. ನನ್ನ ತುಟಿಯಂಚಿನಲ್ಲಿ ಸಾಲಾಗಿ ಗುಳಿಗಳಿವೆ, ಕಂಡವೆ? ಕತ್ತಲಲ್ಲಿ ಬಿಸಿ ಎಲ್ಲಿದೆ ಅಂತ ಅವೇ ಹೇಳುವುದು. ಇವನು ಇಲಿಯನ್ನು ಫ್ರೀಜರಿನಿಂದ ತೆಗೆದು ಅರೆಬರೆ ಬಿಸಿ ಮಾಡಿ ಬರಿಗೈಯಲ್ಲಿ ಹಿಡಿಯುತ್ತಾನೆ. ಆಗ ಇಲಿ ತಣ್ಣಗೆ, ಕೈ ಬೆಚ್ಚಗೆ. ನನ್ನ ಮುಂದಿನ ಹಲ್ಲು ವಿಷವಿಲ್ಲದ ಹಾವುಗಳಲ್ಲೇ ಹೆಸರುವಾಸಿ, ಅಷ್ಟು ಉದ್ದ. ಉದ್ದನೆಯ ಇಕ್ಕಳ ಒಂದು ತಂದುಕೊಳ್ಳಲು ಹೇಳಿ.

ಮತ್ತೆ, ನೀವೂ ಆ ಮೊಬೈಲು ಹಿಡಿದ ಕೈ ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳಿ. ಊಟ ಆಗಿ ಮೂರು ವಾರ ಆಯಿತು.