ಕರ್ಕ್ ಜಾಬರ್, ಸ್ಪಾಕ್ ಕಾರಕೂನ

ಹಳೆಯ ಅಮೆರಿಕನ್ ಟಿವಿ ಕಾರ್ಯಕ್ರಮಗಳನ್ನು ನೆನೆದು ನಿಟ್ಟುಸಿರು ಬಿಡುವ ಹಕ್ಕು ಬೆಂಗಳೂರು, ಪುಣೆಯವರಿಗೆ ಮಾತ್ರ ಇದೆಯೆಂದು ನನ್ನ ಮಗನ ಗೆಳೆಯರು ತಿಳಿದುಕೊಂಡಿದ್ದಾರೆ. ಉಮರ್ಗಾ ತಾಲ್ಲೂಕಿನ ತುರೋರಿಯವನು ‘ಸ್ಟಾರ್ ಟ್ರೆಕ್’ ಎಂದು ಬಾಯಿ ತೆರೆದರೆ ಸಾಕು, ಅವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಚಪ್ಪಲಿ ನೋಡುತ್ತಾರೆ.

ನಿಜ ಹೇಳಬೇಕೆಂದರೆ ಅಮೆರಿಕದ ಆಕಾಶ ಮೊದಲು ಬಾಗಿದ್ದೇ ನಮ್ಮ ಸೀಮೆಯ ಕಡೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಾಸಾದವರು ಎಟಿಎಸ್-6 ಎಂಬ ಉಪಗ್ರಹವನ್ನು ನಮ್ಮ ದೇಶಕ್ಕೆ ಕಡ ಕೊಟ್ಟಿದ್ದರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸರಕಾರಿ ಟಿವಿ ಇಟ್ಟು, ಕೋಳಿಗೂಡಿನ ತಂತಿ ಜಾಳಿಗೆಯಿಂದ ಮಾಡಿದ ಹತ್ತಡಿ ಅಗಲದ ಆಂಟೆನಾ ನಿಲ್ಲಿಸಿ, ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ ತೋರಿಸಿದರು. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ಕಲಬುರ್ಗಿ, ರಾಯಚೂರು, ವಿಜಾಪುರ. ಆರು ರಾಜ್ಯಗಳಲ್ಲಿ ನಮ್ಮ ಊರು ಸೇರಿದ ಮಹಾರಾಷ್ಟ್ರ ಇರಲಿಲ್ಲ. ಹೀಗಾಗಿ ಗಡಿಯಾಚೆ ಆಳಂದ ಕಡೆಯ ನಮ್ಮ ಬೀಗರು ಅಮೆರಿಕದ ಉಪಗ್ರಹದಿಂದ ಕನ್ನಡ ಕೇಳುತ್ತಿದ್ದಾಗ, ಈಚೆಗಿದ್ದ ನಾವು ಕನ್ನಡ ಕೇಳಬೇಕೆಂದರೆ ನಮ್ಮನಮ್ಮಲ್ಲೇ ಜಗಳವಾಡಬೇಕಾಗಿತ್ತು. ವರ್ಷ ಮುಗಿಯುತ್ತಲೇ ನಾಸಾದವರು ಉಪಗ್ರಹ ಸರಿಸಿಕೊಂಡು ಹೋದರು. ಬೀಗರ ಸೊಕ್ಕು ಮಾತ್ರ ಸರಿಯಲಿಲ್ಲ. 1977ರಲ್ಲಿ ಕಲಬುರ್ಗಿಗೆ ಟಿವಿ ಪ್ರಸಾರ ಕೇಂದ್ರವೇ ಬಂದ ಮೇಲಂತೂ ಅವರು ಲಗ್ನದ ಮಾತುಕತೆಯಲ್ಲೂ ಅದರ ಸುದ್ದಿ ತೆಗೆಯುತ್ತಿದ್ದರು.

ನಮ್ಮ ಮನೆಗೆ ಟಿವಿ ತಂದವರು ನನ್ನ ಕಾಕಾ. ಸೊಲ್ಲಾಪುರದ ಗಿರಣಿಯಲ್ಲಿ ದುಡಿದು, ಬಿಟ್ಟು ಬರುವಾಗ ಕೈಗೆ ಸಿಕ್ಕ ರೊಕ್ಕದಲ್ಲಿ ಕಟ್ಟಿಗೆ ಬಾಗಿಲಿನ ಕಪ್ಪು-ಬಿಳುಪು ಟಿವಿ ಕೊಂಡಿದ್ದರು. ಆಂಟೆನಾ ಮಾಳಿಗೆಯ ಮೇಲೆ. ಅದನ್ನು ಕಲಬುರ್ಗಿ ಕಡೆ ತಿರುಗಿಸಿದರೆ ಮಸುಕು ಮಸುಕಾಗಿ ಕನ್ನಡ, ಇನ್ನೊಂದು ಕಡೆ ತಿರುಗಿಸಿದರೆ ಮಸುಕು ಮಸುಕಾಗಿ ಮರಾಠಿ. ನೋಡಲು ಬರುವವರಲ್ಲಿ ಎರಡೂ ಮಂದಿ ಇದ್ದರು. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ, ಹಿರಿಯರ ಬಾಯಲ್ಲಿ ನಿಜಾಮನ ಕಾಲದ ಉರ್ದು. ಇದು ನಮ್ಮ ಊರಿನ ರೀತಿ. ಮಾಳಿಗೆ ಹತ್ತಿ ಕೋಲು ತಿರುಗಿಸುವವನ ಭಾಷೆ ಯಾವುದೋ ಆ ದಿನದ ಟಿವಿಯೂ ಅದೇ. ಕೆಳಗಿನಿಂದ ಅರ್ಧ ಮಂದಿ “ಬಂತು ಬಂತು” ಅಂದರೆ, ಉಳಿದರ್ಧ ಮಂದಿ “ಗೇಲಂ ಗೇಲಂ” ಅನ್ನುತ್ತಿದ್ದರು.

ಈ ತಂಟೆ ನಿಲ್ಲುತ್ತಿದ್ದದ್ದು ಇಂಗ್ಲಿಷ್ ಕಾರ್ಯಕ್ರಮ ಬಂದಾಗ ಮಾತ್ರ. ಎಂಬತ್ತರ ದಶಕದ ದೂರದರ್ಶನ ಲೂಸಿಯನ್ನು ತೋರಿಸಿತು, ‘ಸ್ಟಾರ್ ಟ್ರೆಕ್’ ತೋರಿಸಿತು, ‘ಹೀ-ಮ್ಯಾನ್’ ತೋರಿಸಿತು. ಇಂಗ್ಲಿಷ್ ಅಂದರೆ ಕನ್ನಡದವರಿಗೂ ತಿಳಿಯದು, ಮರಾಠಿಯವರಿಗೂ ತಿಳಿಯದು. ಯಾರಿಗೂ ತಿಳಿಯದ ಮೇಲೆ ಯಾರಿಗೂ ಅನ್ಯಾಯವಿಲ್ಲ. 1967ರಲ್ಲಿ ಮಹಾಜನ ಆಯೋಗ ಗಡಿಯ ವರದಿ ಕೊಟ್ಟೂ ಆಗದ ಕೆಲಸವನ್ನು ಲೂಸಿ ಎಂಬ ಕೆಂಗೂದಲಿನ ಹೆಂಗಸು ವಾರಕ್ಕೊಮ್ಮೆ ಅರ್ಧ ತಾಸಿನಲ್ಲಿ ಮಾಡಿ ಹೋಗುತ್ತಿದ್ದಳು. ಕೂದಲು ಕೆಂಪು ಎಂಬುದೂ ನಮಗೆ ಕಂಡಿದ್ದಿಲ್ಲ ಅನ್ನಿ, ಟಿವಿ ಕಪ್ಪು-ಬಿಳುಪು.

ತಿಳಿಯದ್ದನ್ನು ತಿಳಿಸುವ ಹೊಣೆ ಕಾಕಾನದು. ಗಿರಣಿಯಲ್ಲಿ ಅವರು ಕಲಿತ ಇಂಗ್ಲಿಷ್ ಅಂದರೆ ಫಿಟರ್, ಜಾಬರ್, ಓವರ್‌ಟೈಮ್, ಬ್ರೇಕ್‌ಡೌನ್. ‘ಸ್ಟಾರ್ ಟ್ರೆಕ್’ ಅರ್ಥವಾಗಲು ಇಷ್ಟು ಧಾರಾಳ ಸಾಕು ಎಂಬುದು ನನ್ನ ಇಂದಿನ ಅಭಿಪ್ರಾಯ ಕೂಡ. ಐತವಾರ ಮುಂಜಾನೆ ಆ ಹಡಗು ನಕ್ಷತ್ರಗಳ ನಡುವೆ ಹೊರಟಿತೆಂದರೆ ಕಾಕಾ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. “ಇದು ದೊಡ್ಡ ಗಿರಣಿ ಅದ. ಮೂರು ಪಾಳಿ ನಡಿತದ. ಈ ಕುರ್ಚಿ ಮ್ಯಾಲ ಕುಂತಾಂವ ಜಾಬರ್, ಹೆಸರು ಕರ್ಕ್. ಮಷಿನ್ ಮುಟ್ಟಂಗಿಲ್ಲ, ಬರೀ ಹುಕುಂ. ಈಗ ಹಾಜರಿ ಕೂಗ್ಲತ್ತಾನ.” ಕ್ಯಾಪ್ಟನ್ ದಿನಚರಿ ಓದುವ ದೃಶ್ಯವದು. ಕಿವಿ ಚೂಪಾದ ಸ್ಪಾಕ್ ಹಿಶೋಬಿನ ಕಾರಕೂನ. “ಆಂವ ನಗಂಗಿಲ್ಲ. ನಕ್ಕರ ಮಂದಿ ಉಚಲ್ ಕೇಳ್ತಾರ.” ಉಚಲ್ ಅಂದರೆ ಮುಂಗಡ ಪಗಾರ. ಯಂತ್ರದ ಕೋಣೆಯಲ್ಲಿ ಬೆವರೊರೆಸಿಕೊಳ್ಳುವ ಸ್ಕಾಟಿ ಫಿಟರ್. ಜಾಬರ್ ಇನ್ನಷ್ಟು ಜೋರು ಓಡಿಸು ಅಂತಾನೆ, ಫಿಟರ್ ಮಷಿನ್ ತಾಳಂಗಿಲ್ಲ ಅಂತಾನೆ. ಕೆಂಪು ದೀಪ ಬಡಬಡ ಹತ್ತಿ ಸದ್ದಾದರೆ ಅದು ಗಿರಣಿಯ ಭೋಂಗಾ.

ಕಾಕಾನ ಭಾಷ್ಯದ ಕಿರೀಟ ಬದಲಿ ಕಾಮಗಾರರು. ಹೊಸ ಗ್ರಹಕ್ಕೆ ಇಳಿಯುವಾಗ ಕರ್ಕ್, ಸ್ಪಾಕ್, ಡಾಕ್ಟರರ ಜತೆ ಒಬ್ಬ ಹೊಸ ಮುಖದವನು ಬರುತ್ತಿದ್ದ. ಅವನನ್ನು ಕಂಡಕೂಡಲೇ ಕಾಕಾ, “ಇಂವ ಬದ್ಲಿ ಇದ್ದಾನ, ಇಂದು ಉಳಿಯಂಗಿಲ್ಲ” ಎಂದು ತೀರ್ಪು ಕೊಡುತ್ತಿದ್ದರು. ಚಾ ಆರುವಷ್ಟರಲ್ಲಿ ಅವನು ಸತ್ತಿರುತ್ತಿದ್ದ. “ಕಾಯಂ ಮಂದಿಗಿ ಏನೂ ಆಗಂಗಿಲ್ಲ, ಅವ್ರದು ಪ್ರಾವಿಡೆಂಟ್ ಫಂಡ್ ಅದ.” ಆ ಸರಣಿಯಲ್ಲಿ ಕೆಂಪು ಅಂಗಿ ತೊಟ್ಟವರೇ ಹೆಚ್ಚು ಸಾಯುತ್ತಾರೆಂಬುದು ಜಗತ್ತಿನ ತುಂಬ ಅಭಿಮಾನಿಗಳ ನಗೆಮಾತು. ನಮ್ಮ ಕಾಕಾ ಅಂಗಿಯ ಬಣ್ಣವೇ ಕಾಣದ ಟಿವಿಯಲ್ಲಿ, ಕಾಮಗಾರ ಕಾನೂನಿನ ಬಲದಿಂದ, ಅದನ್ನು ಕಂಡುಹಿಡಿದಿದ್ದರು.

ನಮ್ಮ ಆಯಿಯ ‘ಸ್ಟಾರ್ ಟ್ರೆಕ್’ ಬೇರೆ. ಬಸವಕಲ್ಯಾಣದ ಜಾತ್ರೆ, ಶ್ರಾವಣದ ಪ್ರವಚನ ಕೇಳಿ ಬೆಳೆದ ಜೀವ. ಕರ್ಕ್ ಮತ್ತವನ ಮಂದಿ ದುಂಡನೆಯ ಕಟ್ಟೆಯ ಮೇಲೆ ನಿಂತು ಮಿಣಮಿಣ ಮಾಯವಾದಾಗ ಆಕೆ ಕೈ ಮುಗಿದು “ಬಯಲಾದ್ರು” ಅನ್ನುತ್ತಿದ್ದಳು. ತುಸು ಹೊತ್ತಿಗೆ ಅವರು ಇನ್ನೊಂದು ಗ್ರಹದಲ್ಲಿ ಕಂಡುಬಂದರೆ ಆಕೆಗೆ ಬಹಳ ಬೇಸರ. ಬಯಲಾದವರು ತಿರುಗಿ ಬರುವುದು ಯಾವ ಶರಣರ ಕಥೆಯಲ್ಲೂ ಇಲ್ಲ. ಪ್ರತಿ ವಾರ ಹಡಗನ್ನು ಗ್ರಹದ ಮೇಲೆ ಇಳಿಸುವ ದೃಶ್ಯ ತೆಗೆಯಲು ರೊಕ್ಕ ಸಾಲದೆ ಈ ಮಾಯವಾಗುವ ಉಪಾಯ ಹೂಡಿದರೆಂದು ನಾನು ಮುಂದೆ ಓದಿದೆ. ಆಯಿಗೆ ಹೇಳಲಿಲ್ಲ. ಕಾಸಿಲ್ಲದೆ ಬಯಲಾದದ್ದು ಆಕೆಯ ಮಟ್ಟಿಗೆ ಇನ್ನೂ ದೊಡ್ಡ ಪುಣ್ಯವಾಗಿಬಿಡುತ್ತಿತ್ತು.

ಲೂಸಿಯೂ ಕರ್ಕನೂ ಒಂದೇ ಮನೆತನದವರು ಎಂದೂ ಆಯಿ ಹಟ ಹಿಡಿಯುತ್ತಿದ್ದಳು. ಆಧಾರವೇನೂ ಇರಲಿಲ್ಲ, ಟಿವಿಯಲ್ಲಿ ಬರುವ ಬಿಳಿ ಮಂದಿಯೆಲ್ಲ ಒಬ್ಬರಿಗೊಬ್ಬರು ನಂಟರು ಎಂಬುದು ಆಕೆಯ ಸಿದ್ಧಾಂತ. ನಾವು ನಗುತ್ತಿದ್ದೆವು. ಆದರೆ 1966ರಿಂದ 1969ರವರೆಗೆ 79 ಕಂತು ಬಂದ ‘ಸ್ಟಾರ್ ಟ್ರೆಕ್’ ಶುರುವಾದದ್ದು ಡೆಸಿಲು ಸ್ಟುಡಿಯೋದಲ್ಲಿ. ಆ ಸ್ಟುಡಿಯೋ ಲೂಸಿಯಾಗಿ ನಟಿಸಿದ ಲೂಸಿಲ್ ಬಾಲ್ ತನ್ನ ಗಂಡ ಡೆಸಿ ಅರ್ನಾಜ್ ಜತೆ ಕಟ್ಟಿ, ಸೋಡಚೀಟಿಯಾದ ಮೇಲೆ ಅವನ ಪಾಲನ್ನೂ ಕೊಂಡು, ತಾನೇ ಯಜಮಾನಿಯಾಗಿ ನಡೆಸಿದ್ದು. ಅಂದರೆ ಕರ್ಕನ ಗಿರಣಿಯ ಸಾವುಕಾರತಿ ಲೂಸಿಯೇ. ಆಯಿಯ ಸಿದ್ಧಾಂತವನ್ನು ಅಂದಿನಿಂದ ನಾನು ಯಾವ ವಿಷಯದಲ್ಲೂ ಅಲ್ಲಗಳೆದಿಲ್ಲ.

ಆಕೆಗಿದ್ದ ದೊಡ್ಡ ಪ್ರಶ್ನೆ ನಗುವಿನದು. “ಟಿವ್ಯಾಗ ಇಷ್ಟು ಮಂದಿ ನಗ್ಲತ್ತಾರ, ಒಬ್ರೂ ಕಾಣಂಗಿಲ್ಲ. ಎಲ್ಲಿ ಕುಂತಾರೋ ತಮ್ಮಾ?” ನಮ್ಮ ಪಡಸಾಲೆ ಮಾತ್ರ ಆ ಕಾಣದ ಮಂದಿಯನ್ನು ಪೂರ್ತಿ ನಂಬಿತ್ತು. ಅವರು ನಕ್ಕ ಅರೆಕ್ಷಣಕ್ಕೆ ನಾವೂ ನಗುವುದು, ಅವರು ನಿಲ್ಲಿಸಿದ ಮೇಲೂ ತುಸು ಮುಂದುವರಿಸುವುದು. ಲೂಸಿಯ ಹಳೆಯ ಸರಣಿಯ ನಗು ಅಸಲಿ. ಎದುರಿಗೆ ಪ್ರೇಕ್ಷಕರನ್ನು ಕೂರಿಸಿ ಮೂರು ಕ್ಯಾಮೆರಾ ಹಚ್ಚಿ ತೆಗೆದದ್ದು. ಬೇರೆ ಎಷ್ಟೋ ಕಾರ್ಯಕ್ರಮಗಳ ನಗು ಪೆಟ್ಟಿಗೆಯದು. ಚಾರ್ಲಿ ಡಗ್ಲಸ್ ಎಂಬ ಧ್ವನಿ ತಂತ್ರಜ್ಞ ಐವತ್ತರ ದಶಕದಲ್ಲಿ ಒಂದು ಯಂತ್ರ ಮಾಡಿದ. ಒಂದು ಕೀಲಿ ಒತ್ತಿದರೆ ಮುಸಿನಗು, ಇನ್ನೊಂದು ಒತ್ತಿದರೆ ಹೊಟ್ಟೆ ಹಿಡಿದು ನಗು. ಯಾರೂ ನಕಲು ಮಾಡಬಾರದೆಂದು ಅದಕ್ಕೆ ಬೀಗ ಜಡಿದು ಇಟ್ಟುಕೊಳ್ಳುತ್ತಿದ್ದನಂತೆ. ಅವನು ಎಂದೋ ತುಂಬಿಟ್ಟ ನಗುವಿಗೆ ತುರೋರಿಯ ಮಂದಿ ಶೇಂಗಾ ಸುಲಿಯುತ್ತ ಜತೆಗೂಡಿ ನಗುವುದನ್ನು ಅವನು ಕಂಡಿದ್ದರೆ ಆ ಬೀಗ ತೆಗೆದು ನಮಗೇ ಕೊಡುತ್ತಿದ್ದ. ಲೈಟ್ ಹೋದರೂ ನಮ್ಮ ನಗು ಕೂಡಲೇ ನಿಲ್ಲುತ್ತಿರಲಿಲ್ಲ.

‘ಸ್ಟ್ರೀಟ್ ಹಾಕ್’ ವಿಷಯ ಬೇಗ ಮುಗಿಸುತ್ತೇನೆ, ಅಮೆರಿಕದಲ್ಲೂ ಅದು ಬೇಗ ಮುಗಿದಿತ್ತು: 1985ರಲ್ಲಿ ಬರೀ 13 ಕಂತು. ತಾಸಿಗೆ 300 ಮೈಲಿ ಓಡುವ ಕರಿ ಮೋಟಾರ್‌ಸೈಕಲ್. ಅದರ ಮೇಲೆ ಕೂತರೆ ಪುಣೆಗೆ ಒಂದು ತಾಸೂ ಬೇಡ ಎಂದು ನಾವು ಲೆಕ್ಕ ಹಾಕಿದ್ದು ಎಸ್‌ಟಿ ಬಸ್ಸಿನ ಹಾದಿ ಕಾಯುತ್ತ ನಿಂತಿದ್ದಾಗ. ಊರಿನ ಲೂನಾಗಳಿಗೆಲ್ಲ ಕರಿ ಬಣ್ಣ ಬಂತು. ವೇಗ ಬರಲಿಲ್ಲ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರು ಕಡೆ ಭೂಮಿ ನಡುಗಿತು. ನಮ್ಮ ಸೀಮೆಯ ಸಾವಿರಾರು ಮಂದಿ ಕಲ್ಲು-ಮಣ್ಣಿನ ಗೋಡೆಯಡಿ ಹೋದರು. ಜಗತ್ತಿನ ಟಿವಿಗಳೆಲ್ಲ ನಮ್ಮನ್ನು ತೋರಿಸಿದ ಕಾಲ ಅದೊಂದೇ. ಮಾಳಿಗೆ ಮನೆಗಳ ಮೇಲಿನ ನಂಬಿಕೆ ಹೋಯಿತು. ನಮ್ಮ ಟಿವಿಯೂ ಬಹಳ ದಿನ ಹೊರಗೆ, ತಗಡಿನ ನೆರಳಿಗೆ ಬಂದು ಕೂತಿತು. ಮತ್ತೆ ಒಳಗೆ ಹೋಗುವ ಹೊತ್ತಿಗೆ ಅದು ಬಣ್ಣದ್ದಾಗಿತ್ತು, ಕೇಬಲ್ ಬಂದಿತ್ತು.

ಕೇಬಲ್ಲಿನ ಸ್ಟಾರ್ ಪ್ಲಸ್‌ನಲ್ಲಿ ‘ದ ಬೋಲ್ಡ್ ಅಂಡ್ ದ ಬ್ಯೂಟಿಫುಲ್’ ಬರುತ್ತಿತ್ತು. ಕಾಕಾ ಎದ್ದು ಹೋದರು. ಗಿರಣಿಯ ವಿದ್ಯೆ ಅಲ್ಲಿ ನಡೆಯಲಿಲ್ಲ. ಆಯಿ ಕೂತಳು. ಹತ್ತೂರ ಲಗ್ನಗಳ ನಂಟು ಬಾಯಿಪಾಠ ಇದ್ದವಳು, ಸೋದರಮಾವನಿಗೆ ಕೊಟ್ಟ ಹುಡುಗಿ ಅತ್ತೆಗೆ ಮೊಮ್ಮಗಳೂ ಸೊಸೆಯೂ ಆಗುವ ಗಂಟನ್ನು ಕಣ್ಣು ಮುಚ್ಚಿ ಬಿಡಿಸುವವಳು. ಬ್ರೂಕ್ ಎಂಬ ಹೆಣ್ಣುಮಗಳು ಎರಿಕನನ್ನೂ ಲಗ್ನವಾದಳು, ಅವನ ಮನೆಯ ಮಗ ರಿಜ್‌ನನ್ನೂ ಲಗ್ನವಾದಳು ಎಂದು ನಾನು ತಿಳಿಸಿಹೇಳಿದ ದಿನ ಆಯಿ ಬಹಳ ಹೊತ್ತು ಬೆರಳು ಮಡಚಿದಳು. “ಹಂಗಾದ್ರ ಆಕಿ ಮಕ್ಳು ಇಂವಗ ಏನಂತ ಕರೀಬೇಕು? ಅಣ್ಣಾ ಅನ್ಬೇಕಾ, ಅಪ್ಪಾ ಅನ್ಬೇಕಾ?” 1987ರಲ್ಲಿ ಶುರುವಾದ ಆ ಧಾರಾವಾಹಿ ಇಷ್ಟು ವರ್ಷ ನಡೆದಿದೆ, ಆಯಿಯ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿಲ್ಲ.

ಕೆಡುಕು ಬಂದದ್ದು ಅರ್ಥವಾಗತೊಡಗಿದ ಮೇಲೆ. ಸೋನಿ ವಾಹಿನಿ ‘ಐ ಡ್ರೀಮ್ ಆಫ್ ಜೀನಿ’ಯನ್ನೂ ‘ಬಿವಿಚ್ಡ್’ಅನ್ನೂ ಹಿಂದಿ ಮಾಡಿ ಬಿಟ್ಟಿತು. ಜೀನಿಯ ಕಥೆ ಹೊಸೆದವನು ಸಿಡ್ನಿ ಶೆಲ್ಡನ್, ರೈಲ್ವೆ ನಿಲ್ದಾಣದ ಪುಸ್ತಕದಂಗಡಿಯ ಅದೇ ದಪ್ಪ ಕಾದಂಬರಿಗಳವನು. ಸೀಸೆಯಿಂದ ಹೊರಬರುವ ಬಾರ್ಬರಾ ಈಡನ್‌ಳ ಹೊಕ್ಕಳು ಕಾಣಬಾರದೆಂದು ಅಮೆರಿಕದ ಟಿವಿಯವರು ಕಟ್ಟಪ್ಪಣೆ ಮಾಡಿದ್ದರಂತೆ. ಹೊಲದಲ್ಲಿ ಕಚ್ಚೆ ಹಾಕಿ ಕಳೆ ತೆಗೆಯುವ ನಮ್ಮ ಊರ ಹೆಂಗಸರು ಕೇಳಿದ್ದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಆದರೆ ಉರ್ದು ಬಲ್ಲ ಆಯಿಗೆ ಈ ಹಿಂದಿ ಪೂರ್ತಿ ತಿಳಿಯಿತು. ಒಂದೆರಡು ವಾರ ನೋಡಿ, “ಇಷ್ಟೇ ಏನು?” ಅಂದಳು. ಕಾಕಾನಿಗೆ ಕೆಲಸವಿಲ್ಲದಂತಾಯಿತು. ನೆರೆಮನೆಯ ಮರಾಠಿ ಮಂದಿ ತಮ್ಮ ಟಿವಿ ತಂದುಕೊಂಡು ತಮ್ಮ ಮನೆಯಲ್ಲೇ ಕೂತರು.

ಈಗ ನನ್ನ ಮಗ ಪುಣೆಯ ಬಾಡಿಗೆ ಕೋಣೆಯಲ್ಲಿ ಆ ಹಳೆಯ ಕಂತುಗಳನ್ನೆಲ್ಲ ಕೆಳಗೆ ಅಕ್ಷರ ಮೂಡಿಸಿಕೊಂಡು ನೋಡುತ್ತಾನೆ. ಹೋದಾಗ ನನಗೂ ತೋರಿಸಿದ. ಕರ್ಕ್ ಹಾಜರಿ ಕೂಗುತ್ತಿಲ್ಲ, ನಕ್ಷತ್ರದ ಲೆಕ್ಕದಲ್ಲಿ ತಾರೀಖು ಹೇಳುತ್ತಿದ್ದಾನೆ. ಸ್ಪಾಕ್ ಉಚಲ್ ವಿಷಯ ಎತ್ತುವುದೇ ಇಲ್ಲ. ಕಥೆ ಚೆನ್ನಾಗಿದೆ, ಇಲ್ಲವೆನ್ನಲಾರೆ. ಕಾಕಾ ಹೇಳಿದ ಕಥೆಯ ಮುಂದೆ ಎರಡನೇ ದರ್ಜೆ.

ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ಮೊಬೈಲಿನಲ್ಲಿ ಹಳೆಯ ಲೂಸಿಯನ್ನೋ ಕರ್ಕನನ್ನೋ ಹಚ್ಚಿದರೆ ಕೆಳಗಿನ ಅಕ್ಷರ ಬಂದ್ ಮಾಡಿ, ಇಂಗ್ಲಿಷ್ ಬಾರದ ಹಿರಿಯರೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು ಏನಾಗುತ್ತಿದೆ ಎಂದು ಅವರನ್ನೇ ಕೇಳಿ. ಮಾತು ಅಡಗಿಸಿ ನಗು ಮಾತ್ರ ಉಳಿಸುವ ಉಪಾಯ ನಿಮಗೆ ಗೊತ್ತಿದ್ದರೆ ನನಗೂ ತಿಳಿಸಿ.